ಶೀಶೆ, ಪುಡಿ, ಹರಳು: ಜಲವರ್ಣಕ್ಕೆ ಯಾವ ಗೋಂದು?

ಮುಂಬಯಿಯ ಮಾಟುಂಗದಲ್ಲಿ ಪೂಜಾಸಾಮಗ್ರಿಯನ್ನೂ ನಾರುಬೇರುಗಳನ್ನೂ ಮಾರುವ ಒಂದು ಅಂಗಡಿಗೆ ಹೋಗಿ ಕಾಲು ಕಿಲೋ ಅಂಟು ಕೊಡಿ ಎಂದಾಗ, ಕುಂದಾಪುರದ ಕಡೆಯವರಾದ ಅಂಗಡಿಯ ಹಿರಿಯರು "ಉಂಡೆಗೋ, ಕರದಂಟಿಗೋ?" ಎಂದು ಕೇಳಿದರು. ಬಣ್ಣಕ್ಕೆ ಎಂದೆ. "ಬಾಣಂತಿಗೆ ಕೊಡುವ ಮಾಲನ್ನು ಬಣ್ಣಕ್ಕೆ ಹಾಕುವುದುಂಟಾ ಮಾರಾಯ್ರೆ?" ಎಂದವರು, ನಗುತ್ತಲೇ ಮೂರು ಡಬ್ಬಿಗಳನ್ನು ಮುಂದಿಟ್ಟರು. ಮೂರರ ಮೇಲೂ ಗೋಂದು ಎಂದೇ ಬರೆದಿತ್ತು. ಒಳಗಿದ್ದದ್ದು ಮೂರು ಬೇರೆ ಬೇರೆ ವಸ್ತುಗಳು.

ಜಲವರ್ಣದಲ್ಲಿ ಗಮ್ ಅರೇಬಿಕ್ ಎಂಬ ಜಾಲಿಯ ಅಂಟನ್ನು ಬಳಸಬೇಕೆಂದು ಹೊರಟವರ ಗೊಂದಲ ಇಲ್ಲಿಂದಲೇ ಆರಂಭವಾಗುತ್ತದೆ. ಕಂಪನಿಯ ಶೀಶೆಯನ್ನು ಕೊಳ್ಳಬೇಕೆ, ಪುಡಿಯನ್ನು ತಂದು ಕಲಸಬೇಕೆ, ಹರಳನ್ನು ನೆನೆಸಿ ಸೋಸಬೇಕೆ ಎಂಬುದು ಒಂದು ಪ್ರಶ್ನೆ. ನಾವು ಬಯಸುವ ಪರಿಣಾಮಕ್ಕೆ ಗೋಂದೇ ಬೇಕೆ, ಇಲ್ಲವೇ ಗ್ಲಿಸರಿನ್, ಜೇನು, ಆಕ್ಸ್ ಗಾಲ್ (ಎತ್ತಿನ ಪಿತ್ತರಸ) ಇವುಗಳಲ್ಲಿ ಒಂದು ಸಾಕೆ ಎಂಬುದು ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ. ಮುಂಬಯಿ, ಪುಣೆ, ಗೋವಾಗಳಲ್ಲಿ ಚಿತ್ರ ಬರೆಯುವವರಿಗೆ ಮೂರನೆಯದೊಂದು ಪ್ರಶ್ನೆಯೂ ಇದೆ, ಅದು ಗಾಳಿಯ ತೇವದ್ದು. ವಿದೇಶದ ಪುಸ್ತಕಗಳಲ್ಲಿರುವ ಅಳತೆಗಳು ನಮ್ಮಲ್ಲಿ ಕೈಕೊಡುವುದು ಹೆಚ್ಚಾಗಿ ಈ ಕಾರಣದಿಂದಲೇ.

ಮೊದಲು ಬೇಕೇ ಎಂದು ನೋಡಿ

ಟ್ಯೂಬಿನಲ್ಲಾಗಲಿ ಕೇಕಿನಲ್ಲಾಗಲಿ ಇರುವ ಜಲವರ್ಣದಲ್ಲಿ ಗೋಂದು ಈಗಾಗಲೇ ಇರುತ್ತದೆ. ನುಣ್ಣಗೆ ಅರೆದ ವರ್ಣದ್ರವ್ಯವನ್ನು ಗೋಂದಿನ ನೀರಿನಲ್ಲಿ ಕಲಸಿ, ಒಣಗಿದಾಗ ಬಿರಿಯದಿರಲೆಂದು ಗ್ಲಿಸರಿನ್ ಅಥವಾ ಜೇನು ಸೇರಿಸಿ, ಬೂಷ್ಟು ಹಿಡಿಯದಿರಲೆಂದು ಸಂರಕ್ಷಕವೊಂದನ್ನು ಹಾಕಿದರೆ ಜಲವರ್ಣವಾಗುತ್ತದೆ. ಕಾಗದಕ್ಕೆ ಬಣ್ಣವನ್ನು ಹಿಡಿದಿಡುವುದು ಗೋಂದೇ, ಮತ್ತೆ ನೀರು ತಾಗಿದಾಗ ಬಣ್ಣವನ್ನು ಬಿಟ್ಟುಕೊಡುವುದೂ ಅದೇ. ಹೀಗಿರುವಾಗ ಮೇಲಿಂದ ಇನ್ನಷ್ಟು ಗೋಂದು ಹಾಕುವುದಕ್ಕೆ ಸ್ಪಷ್ಟವಾದ ಕಾರಣ ಬೇಕು.

ನನ್ನ ಅನುಭವದಲ್ಲಿ ಅಂಥ ಕಾರಣಗಳು ಮೂರೇ. ಮೊದಲನೆಯದು ಹೊಳಪು ಮತ್ತು ಆಳ. ಒದ್ದೆಯಾಗಿದ್ದಾಗ ಕಡುವಾಗಿ ಕಂಡ ಬಣ್ಣ ಒಣಗಿದ ಮೇಲೆ ಪೇಲವವಾಗುವುದು ಎಲ್ಲರಿಗೂ ಗೊತ್ತು. ನೀರು ಆರಿಹೋದಾಗ ವರ್ಣದ್ರವ್ಯದ ಕಣಗಳ ನಡುವೆ ಗಾಳಿ ಸೇರಿಕೊಂಡು, ಬೆಳಕು ಮೇಲ್ಮೈಯಲ್ಲೇ ಚದುರುವುದರಿಂದ ಹೀಗಾಗುತ್ತದೆ. ಹೆಚ್ಚುವರಿ ಗೋಂದು ಆ ಸಂದುಗಳನ್ನು ತುಂಬಿಕೊಂಡು, ಒದ್ದೆ ಬಣ್ಣದ ಆಳದಲ್ಲಿ ಒಂದಂಶವನ್ನು ಒಣಗಿದ ಮೇಲೂ ಉಳಿಸುತ್ತದೆ. ತೆಳುಪದರಗಳನ್ನು ಒಂದರ ಮೇಲೊಂದು ಎಳೆಯುವವರಿಗೆ ಇದು ನಿಜವಾದ ಲಾಭ. ಎರಡನೆಯದು ಹಿಡಿತ. ಒದ್ದೆ ಕಾಗದದ ಮೇಲೆ ಹಾಕಿದ ಬಣ್ಣ ಹುಚ್ಚೆದ್ದು ಹರಡದೆ, ಅಂಚು ಮೃದುವಾಗಿಯೇ ಇದ್ದರೂ ಹಾಕಿದಲ್ಲೇ ನಿಲ್ಲಬೇಕೆಂದರೆ ಗೋಂದು ನೀರನ್ನು ತುಸು ಗಟ್ಟಿ ಮಾಡಿ ನೆರವಾಗುತ್ತದೆ. ಮೂರನೆಯದು ಬಣ್ಣವನ್ನು ಎತ್ತುವ ಸೌಲಭ್ಯ. ಗೋಂದು ಹೆಚ್ಚಿರುವ ಪದರವನ್ನು ಒದ್ದೆ ಕುಂಚದಿಂದ ಸವರಿ, ಬಟ್ಟೆಯಿಂದ ಒತ್ತಿದರೆ ಬಿಳಿ ಗೆರೆ ಮೂಡುತ್ತದೆ. ಸಸೂನ್ ಡಾಕ್ ಬಂದರಿನಲ್ಲಿ ಹಗ್ಗ, ಬಲೆ, ಹಾಯಿಕಂಬ ಬರೆಯುವವರಿಗೆ ಬಿಳಿ ಉಳಿಯಬೇಕಾದ ಜಾಗವನ್ನು ಮೊದಲೇ ಮುಚ್ಚುವ ಮಾಸ್ಕಿಂಗ್ ದ್ರವಕ್ಕಿಂತ ಇದು ಸೌಮ್ಯವಾದ ಉಪಾಯ.

ಈ ಮೂರನೆಯ ಗುಣದ ಬೆನ್ನಿಗೇ ಗೋಂದಿನ ದೊಡ್ಡ ದೋಷವೂ ಇದೆ. ಎತ್ತಬೇಕೆಂದಾಗ ಸುಲಭವಾಗಿ ಏಳುವ ಪದರ, ಏಳಬಾರದೆಂದಾಗಲೂ ಏಳುತ್ತದೆ. ಕೆಳಪದರಕ್ಕೆ ಗೋಂದು ಹಾಕಿ, ಅದರ ಮೇಲೆ ಇನ್ನೊಂದು ವಾಶ್, ಅಂದರೆ ನೀರಾದ ಬಣ್ಣದ ತೆಳುಪದರ, ಎಳೆದರೆ ಕೆಳಗಿನ ಬಣ್ಣ ಕರಗಿ ಮೇಲಿನದರೊಂದಿಗೆ ಕೆಸರಾಗುತ್ತದೆ. ಆದ್ದರಿಂದ ಹೊಳಪಿಗಾಗಿ ಬಳಸುವುದಾದರೆ ಕೊನೆಯ ಒಂದೆರಡು ಪದರಗಳಿಗೆ ಮಾತ್ರ, ಅಗಲವಾದ ಕುಂಚದಿಂದ, ಒಂದೇ ಎಳೆತದಲ್ಲಿ ಮುಗಿಸುವುದು ಒಳ್ಳೆಯದು. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಜಲವರ್ಣಕಾರರು ನೆರಳಿನ ಭಾಗಗಳ ಮೇಲಷ್ಟೇ ಗೋಂದು ಸವರುತ್ತಿದ್ದರು. ಚಿತ್ರವನ್ನು ಓರೆಯಾಗಿ ಹಿಡಿದರೆ ಅಲ್ಲಷ್ಟೇ ಮಿನುಗು ಕಾಣುತ್ತದೆ. ಅಂಥ ದಪ್ಪ ಲೇಪಗಳು ಮುಂದೆ ಸೂಕ್ಷ್ಮವಾಗಿ ಬಿರಿದದ್ದೂ ಉಂಟು.

ಅಂಗಡಿಯ ಮೂರು ಡಬ್ಬಿಗಳು

ಗಮ್ ಅರೇಬಿಕ್ ಎಂಬ ಹೆಸರಿಗೆ ಸರಿಯಾಗಿ ಸಲ್ಲುವುದು ಆಫ್ರಿಕದ ಎರಡು ಜಾಲಿ ಜಾತಿಗಳ ಅಂಟು. ಸೆನೆಗಾಲಿಯ ಸೆನೆಗಲ್ ಎಂಬ ಮರದ್ದು ಹಶಾಬ್, ವಚೆಲಿಯ ಸೆಯಾಲ್ ಎಂಬುದರದ್ದು ತಾಲ್ಹಾ. ಜಗತ್ತಿಗೆ ಇದನ್ನು ಹೆಚ್ಚಾಗಿ ಒದಗಿಸುವ ದೇಶ ಸುಡಾನ್, ಅದರಲ್ಲೂ ಕೊರ್ಡೊಫಾನ್ ಪ್ರದೇಶದ ಹಶಾಬ್‌ಗೆ ಮೊದಲಿನಿಂದ ಹೆಸರಿದೆ. ಹಶಾಬ್ ಗಟ್ಟಿಯಾದ, ತಿಳಿಜೇನಿನ ಬಣ್ಣದ ಗುಂಡುಹರಳು. ತಾಲ್ಹಾ ಬೇಗ ಪುಡಿಯಾಗುವ, ಬೆಲೆಯಲ್ಲಿ ಅಗ್ಗವಾದ ಮಾಲು. ಸಿಹಿತಿಂಡಿಗಳ ಮತ್ತು ತಂಪುಪಾನೀಯಗಳ ಪೊಟ್ಟಣದ ಮೇಲೆ 414 ಎಂಬ ಸಂಖ್ಯೆ ಕಂಡರೆ ಅದೂ ಇದೇ ಗೋಂದು.

ಮೊದಲ ಡಬ್ಬಿಯ, ನಮ್ಮ ಕರಿಜಾಲಿಯ ಅಂಟು ಇವುಗಳ ಹತ್ತಿರದ ಸಂಬಂಧಿ. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಬಣ್ಣವನ್ನು ಹಿಡಿಯುತ್ತದೆ, ಆದರೆ ಬಣ್ಣ ಕೆಂಪುಕಂದು. ಕಾವಿ, ಸಿಯೆನಾ, ಕಂದುಗಳಿಗೆ ಇದರಿಂದ ತೊಂದರೆಯಿಲ್ಲ. ತಿಳಿನೀಲಿ ಆಕಾಶಕ್ಕೆ ಹಾಕಿದರೆ ಮಾತ್ರ ಮಬ್ಬು ಹಳದಿ ಛಾಯೆ ಬರುತ್ತದೆ. ಎರಡನೆಯ ಡಬ್ಬಿಯ ದಿಂಡಿಗದ ಅಂಟು, ಅಂದರೆ ಹಿಂದಿಯವರು ಧಾವ್‌ಡಾ ಗೋಂದ್ ಎನ್ನುವುದು, ಪೂರ್ತಿಯಾಗಿ ಕರಗುವುದಿಲ್ಲ, ಕರಗಿದಷ್ಟು ಭಾಗ ಗಮ್ ಅರೇಬಿಕ್‌ಗಿಂತ ಮಂದವಾಗಿರುತ್ತದೆ. ರಾಜಸ್ಥಾನದ ಕಿರುಚಿತ್ರಕಾರರು ಅದನ್ನು ಬಳಸುತ್ತ ಬಂದಿದ್ದಾರೆ. ಅಪಾರದರ್ಶಕವಾಗಿ, ಸಣ್ಣ ಕುಂಚದಿಂದ ಕೆಲಸ ಮಾಡುವ ಆ ಶೈಲಿಗೆ ಅದು ಹೊಂದುತ್ತದೆ, ನೀರಾಗಿ ಹರಿಯುವ ವಾಶ್‌ಗೆ ಅಷ್ಟಾಗಿ ಹೊಂದದು. ಮೂರನೆಯ ಡಬ್ಬಿಯ ಗೋಂದ್ ಕತೀರಾವನ್ನು ಮಾತ್ರ ತರಲೇಬೇಡಿ. ಅದು ಬೇಸಿಗೆಯಲ್ಲಿ ಶರಬತ್ತಿಗೆ ಹಾಕುವ ಮಾಲು. ನೀರಿನಲ್ಲಿ ಕರಗದೆ ಉಬ್ಬಿ ಲೋಳೆಯಾಗುತ್ತದೆ, ಕುಂಚವನ್ನು ಅದರಲ್ಲಿ ಅದ್ದಿದರೆ ಕೂದಲುಗಳ ನಡುವೆ ಮುದ್ದೆಯಾಗಿ ಕೂರುತ್ತದೆ.

ಯಾವುದು ಯಾವುದೆಂದು ತಿಳಿಯಲು ಅಂಗಡಿಯವರ ಮಾತಿಗಿಂತ ಒಂದು ಸ್ಟೀಲ್ ಲೋಟ ಸಾಕು. ಕಡಲೆಕಾಳಿನಷ್ಟು ಹರಳನ್ನು ಕುಟ್ಟಿ, ಎರಡು ಚಮಚ ಬಿಸಿನೀರಿಗೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಮರದ ಚೂರು ಬಿಟ್ಟು ಬೇರೇನೂ ಇಲ್ಲದಿದ್ದರೆ ಜಾಲಿಯ ಜಾತಿ. ಅರ್ಧ ಕರಗಿ ಉಳಿದದ್ದು ಲೋಳೆಯಂತಿದ್ದರೆ ದಿಂಡಿಗ. ಕರಗದೆ, ನೀರನ್ನೆಲ್ಲ ಹೀರಿ ಉಬ್ಬಿ ನಿಂತಿದ್ದರೆ ಕತೀರಾ. ಕರದಂಟು ಮಾಡಿ ಅಭ್ಯಾಸವಿದ್ದವರಿಗೆ ತುಪ್ಪದ ಪರೀಕ್ಷೆಯೂ ಗೊತ್ತಿರುತ್ತದೆ, ಕರಿದಾಗ ಅರಳುವುದು ಜಾಲಿ ಅಥವಾ ದಿಂಡಿಗ. ಆದರೆ ಅವೆರಡರ ನಡುವಿನ ವ್ಯತ್ಯಾಸವನ್ನು ತುಪ್ಪ ಹೇಳುವುದಿಲ್ಲ.

ಶೀಶೆಯೋ, ಪುಡಿಯೋ, ಹರಳೋ

ವಾರಕ್ಕೊಮ್ಮೆ ಭಾನುವಾರ ಬಾಣಗಂಗೆ ಕೊಳದ ಮೆಟ್ಟಿಲ ಮೇಲೆ ಕೂತು ಒಂದೆರಡು ಚಿತ್ರ ಬರೆಯುವವರು ಮರುಮಾತಿಲ್ಲದೆ ಶೀಶೆಯನ್ನೇ ಕೊಳ್ಳಲಿ. ವಿನ್ಸರ್ ಅಂಡ್ ನ್ಯೂಟನ್, ಶ್ಮಿಂಕೆ ಮುಂತಾದ ಕಂಪನಿಗಳ ಗಮ್ ಅರೇಬಿಕ್, ಫೋರ್ಟ್ ಕಡೆಯ ಕಲಾಸಾಮಗ್ರಿ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. 1857ರಲ್ಲಿ ಆರಂಭವಾದ, ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತು ಮುಂದೆ ಕಲಿಸಿದ ಸರ್ ಜೆ.ಜೆ. ಕಲಾಶಾಲೆ ಅಲ್ಲಿಂದ ದೂರವಿಲ್ಲವಾದ್ದರಿಂದ ಅಂಗಡಿಯವರಿಗೂ ಈ ವಸ್ತುವಿನ ಪರಿಚಯವಿರುತ್ತದೆ. ಸೋಸಿದ, ತಿಳಿಬಣ್ಣದ, ಸಂರಕ್ಷಕ ಸೇರಿಸಿದ ದ್ರವ ಅದು. ಒಂದು ಹಾಳೆಗೆ ಹತ್ತಿಪ್ಪತ್ತು ಹನಿಗಿಂತ ಹೆಚ್ಚು ಬೇಡವಾದ್ದರಿಂದ 75 ಮಿಲಿಲೀಟರಿನ ಶೀಶೆ ವರ್ಷಗಟ್ಟಲೆ ಬರುತ್ತದೆ. ತೂಕಕ್ಕೆ ಹೋಲಿಸಿದರೆ ಹರಳಿಗಿಂತ ಹಲವು ಪಟ್ಟು ದುಬಾರಿಯೆಂಬ ಲೆಕ್ಕ ಇಂಥವರಿಗೆ ಅನ್ವಯಿಸುವುದೇ ಇಲ್ಲ. ಇದರ ಬದಲು ಕಚೇರಿಯಲ್ಲಿ ಲಕೋಟೆ ಅಂಟಿಸುವ ಗೋಂದಿನ ಶೀಶೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಸಾಲದು. ಅದರೊಳಗೆ ಪಿಷ್ಟ, ಪಿಷ್ಟದಿಂದಲೇ ಮಾಡುವ ಡೆಕ್ಸ್‌ಟ್ರಿನ್ ಅಥವಾ ಕೃತಕ ಅಂಟು ಏನಿದೆಯೆಂದು ಲೇಬಲ್ಲು ಹೇಳುವುದಿಲ್ಲ.

ಪುಡಿ ಮಧ್ಯದ ದಾರಿ. ಪ್ರಿನ್ಸೆಸ್ ಸ್ಟ್ರೀಟಿನ ರಾಸಾಯನಿಕ ಅಂಗಡಿಗಳಲ್ಲಿ ಸಿಗುವ ಬಿಳಿಪುಡಿ ಬೇಗ ಕರಗುತ್ತದೆ, ಸೋಸುವ ಕೆಲಸ ಕಡಿಮೆ. ಆದರೆ ಪುಡಿಯ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತದೆ. ರಾಗಿಮುದ್ದೆಗೆ ಹಿಟ್ಟು ಹಾಕುವವರ ಎಚ್ಚರವೇ ಇಲ್ಲೂ ಬೇಕು. ನೀರಿನ ಮೇಲೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತ ಕಲಕಬೇಕು. ಪುಡಿಯಲ್ಲಿ ಕಲಬೆರಕೆಯ ಸಾಧ್ಯತೆಯೂ ಇದೆ, ಅದನ್ನು ಹಿಡಿಯುವುದು ಕಷ್ಟವಲ್ಲ: ಕಲಸಿದ ದ್ರವಕ್ಕೆ ಒಂದು ಹನಿ ಟಿಂಚರ್ ಅಯೋಡಿನ್ ಹಾಕಿದಾಗ ಕಡುನೀಲಿಯಾದರೆ ಪಿಷ್ಟ ಬೆರೆತಿದೆ, ಕೆಂಪುಕಂದಾದರೆ ಡೆಕ್ಸ್‌ಟ್ರಿನ್ ಇರಬಹುದು; ಶುದ್ಧ ಗೋಂದಿನಲ್ಲಿ ಅಯೋಡಿನ್ನಿನ ಸ್ವಂತ ಹಳದಿಯಷ್ಟೇ ಉಳಿಯುತ್ತದೆ.

ಹರಳನ್ನು ತಂದು ಮಾಡುವ ಶ್ರಮ ಸಾರ್ಥಕವಾಗುವುದು ಬಣ್ಣವನ್ನೇ ಅರೆದು ಮಾಡುವವರಿಗೆ. ಅವರಿಗೆ ಗೋಂದು ಹನಿಗಳಲ್ಲಿ ಅಲ್ಲ, ಬಟ್ಟಲುಗಳಲ್ಲಿ ಬೇಕಾಗುತ್ತದೆ. ನಾನು ಮಾಡುವ ಕ್ರಮ ಹೀಗಿದೆ. 50 ಗ್ರಾಂ ತಿಳಿಹರಳನ್ನು ಒರಳಿನಲ್ಲಿ ಕುಟ್ಟಿ, 100 ಮಿಲಿಲೀಟರ್ ಕುದಿಸಿ ಸ್ವಲ್ಪ ಆರಿದ ನೀರಿಗೆ ಹಾಕಿ ಮುಚ್ಚಿಡುತ್ತೇನೆ. ಒಲೆಯ ಮೇಲಿಟ್ಟು ಕುದಿಸುವುದಿಲ್ಲ, ಕುದಿಸಿದರೆ ಅಂಟಿನ ಬಲವೂ ಕುಂದುತ್ತದೆ, ಬಣ್ಣವೂ ಗಾಢವಾಗುತ್ತದೆ. ಮರುದಿನ ಮಲ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದರೆ ತೊಗಟೆಯ ಚೂರು, ಮರಳು, ಕೆಲವೊಮ್ಮೆ ಒಂದು ಇರುವೆಯೂ ಬಟ್ಟೆಯಲ್ಲಿ ಉಳಿಯುತ್ತವೆ. ಸೋಸಿದ ದ್ರವ ಕೊಬ್ಬರಿ ಎಣ್ಣೆಗಿಂತ ಸ್ವಲ್ಪ ಮಂದವಾಗಿ, ಬೆರಳುಗಳ ನಡುವೆ ಎಳೆದರೆ ಸಣ್ಣ ನೂಲು ಬರುವಂತಿರಬೇಕು. ಇದಕ್ಕೆ ಎರಡು ಮೂರು ಹನಿ ಲವಂಗದ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಶೀಶೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆಯುವುದನ್ನು ಮರೆಯಬೇಡಿ. ನೋಡಲು ಅದು ಜೇನಿನಂತೆಯೇ ಇರುತ್ತದೆ, ನಮ್ಮ ಮನೆಯಲ್ಲಿ ಒಮ್ಮೆ ಚಪಾತಿಯ ತಟ್ಟೆಯವರೆಗೂ ಹೋಗಿಬಂದಿದೆ.

ಮಾಧ್ಯಮವಾಗಿ ಬಳಸುವಾಗ ಈ ಗಟ್ಟಿ ದ್ರವವನ್ನು ನೇರವಾಗಿ ಕಾಗದಕ್ಕೆ ಹಚ್ಚಬಾರದು. 100 ಮಿಲಿಲೀಟರ್ ನೀರಿಗೆ ಒಂದು ಟೀ ಚಮಚ ಸೇರಿಸಿ, ಆ ನೀರಿನಲ್ಲಿ ಬಣ್ಣ ಕಲಸುವುದು ಸುರಕ್ಷಿತವಾದ ಮೇಲ್ಮಿತಿಯೆಂದು ಇಟ್ಟುಕೊಳ್ಳಿ. ಕುಂಚ ತೊಳೆಯುವ ಲೋಟ ಬೇರೆಯೇ ಇರಲಿ.

ಗೋಂದಿನ ಬದಲು

ನನ್ನ ಬಳಿ ಬಂದು ಗೋಂದಿನ ಬಗ್ಗೆ ಕೇಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ದೂರು ಗೋಂದಿನಿಂದ ಪರಿಹಾರವಾಗುವಂಥದ್ದಲ್ಲ. ಬಣ್ಣ ಕಾಗದದ ಮೇಲೆ ಹರಡದೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಮುತ್ತುಕಟ್ಟುತ್ತದೆ ಎಂಬುದು ಸಾಮಾನ್ಯವಾದ ದೂರು. ನೀರು ಬೇಗ ಹೀರದಂತೆ ಗಟ್ಟಿಯಾಗಿ ಜೆಲಟಿನ್ ಸರಿ (ಅಂಟಿನ ಲೇಪ) ಹಾಕಿದ ಹತ್ತಿಕಾಗದದಲ್ಲಿ ಹೀಗಾಗುತ್ತದೆ. ಅದಕ್ಕೆ ಬೇಕಾದದ್ದು ಎತ್ತಿನ ಪಿತ್ತರಸದಿಂದ ಮಾಡುವ ಆಕ್ಸ್ ಗಾಲ್. ಅದು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸಿ ಹರಿವನ್ನು ಹೆಚ್ಚಿಸುತ್ತದೆ, ಅಂದರೆ ಗೋಂದು ಮಾಡುವುದಕ್ಕೆ ತದ್ವಿರುದ್ಧ. ಪ್ರಾಣಿಜನ್ಯ ವಸ್ತು ಬೇಡವೆನ್ನುವವರಿಗೆ ಕೃತಕ ರೂಪವೂ ದೊರೆಯುತ್ತದೆ. ಕಣಕಣವಾಗಿ ಕೂರುವ ಅಲ್ಟ್ರಾಮರೀನ್ ನೀಲಿಯ ಸೊಗಸನ್ನು ಬಯಸುವವರೂ ಗೋಂದನ್ನು ದೂರವಿಡುವುದು ಮೇಲು, ಅದು ಕಣಗಳನ್ನು ನೀರಿನಲ್ಲಿ ತೇಲಿಸಿಟ್ಟು ಆ ಒರಟನ್ನು ಕಡಿಮೆ ಮಾಡುತ್ತದೆ.

ಬಣ್ಣ ಬೇಗ ಒಣಗುತ್ತದೆ ಎಂಬ ದೂರಿಗೆ ಗ್ಲಿಸರಿನ್ ಸಾಕು, ಒಂದು ಲೋಟಕ್ಕೆ ಎರಡು ಮೂರು ಹನಿ. ಜೇನೂ ಅದೇ ಕೆಲಸವನ್ನು ಮಾಡುತ್ತದೆ, ಜೊತೆಗೆ ಒಣಗಿದ ಕೇಕ್ ಮತ್ತೆ ನೀರು ತಾಗಿದಾಗ ಬೇಗ ಎಚ್ಚರಗೊಳ್ಳುತ್ತದೆ. ಎರಡೂ ಗಾಳಿಯ ತೇವವನ್ನು ಹೀರಿ ಹಿಡಿದಿಡುವ ವಸ್ತುಗಳು. ಊರು ಲೆಕ್ಕಕ್ಕೆ ಬರುವುದು ಇಲ್ಲಿಯೇ.

ಪುಣೆಯ ಏಪ್ರಿಲ್ ಮಧ್ಯಾಹ್ನ ಗಾಳಿ ಎಷ್ಟು ಒಣಗಿರುತ್ತದೆಯೆಂದರೆ ಬರೀ ಗೋಂದಿನಲ್ಲಿ ಅರೆದು ಪ್ಯಾನಿಗೆ, ಅಂದರೆ ಬಣ್ಣದ ಪೆಟ್ಟಿಗೆಯ ಪುಟ್ಟ ಬಟ್ಟಲಿಗೆ, ತುಂಬಿದ ಬಣ್ಣ ವಾರದೊಳಗೆ ಕೆರೆಯ ತಳದಂತೆ ಬಿರಿದು, ಚೂರುಚೂರಾಗಿ ಪ್ಯಾನಿನಿಂದ ಉದುರುತ್ತದೆ. ಅಲ್ಲಿ ಗೋಂದಿನ ದ್ರವದ ನಾಲ್ಕು ಪಾಲಿಗೆ ಒಂದು ಪಾಲಿನಷ್ಟು ಜೇನು ಅಥವಾ ಗ್ಲಿಸರಿನ್ ಧಾರಾಳವಾಗಿ ನಡೆಯುತ್ತದೆ. ಅದೇ ಅಳತೆಯನ್ನು ಮುಂಬಯಿ ಪಕ್ಕದ ಡೊಂಬಿವಲಿಯ ಮನೆಯಲ್ಲಿ ಹಾಕಿದರೆ ಜೂನ್ ಎರಡನೆಯ ವಾರ ಮಳೆ ಹಿಡಿದ ಮೇಲೆ ಪ್ಯಾನು ಅಕ್ಟೋಬರಿನವರೆಗೆ ಒಣಗುವುದೇ ಇಲ್ಲ. ಪೆಟ್ಟಿಗೆಯನ್ನು ಲೋಕಲ್ ರೈಲಿನಲ್ಲಿ ಓರೆಯಾಗಿ ಹಿಡಿದರೆ ಹಳದಿ ಹೋಗಿ ನೀಲಿಯ ಮನೆಗೆ ಸೇರುತ್ತದೆ. ಮುಂಬಯಿಗೆ ನಾನು ಎಂಟು ಪಾಲಿಗೆ ಒಂದು ಪಾಲು ಗ್ಲಿಸರಿನ್ ಇಡುತ್ತೇನೆ, ಜೇನು ಇಡುವುದಿಲ್ಲ. ಮಳೆ ಮುಂಬಯಿಗಿಂತ ಹೆಚ್ಚಿರುವ ಗೋವಾಕ್ಕೂ ಇದೇ ಅಳತೆ. ಚಿತ್ರದ ಮೇಲಿನ ಮಾಧ್ಯಮಕ್ಕಂತೂ ಈ ಕರಾವಳಿಯಲ್ಲಿ ಗ್ಲಿಸರಿನ್ ಬೇಡವೇ ಬೇಡ. ಕಾಗದದ ಮೇಲಿನ ತೆಳುಪದರ ಬಿರಿಯುವಷ್ಟು ಒಣಹವೆ ನಮ್ಮಲ್ಲಿಲ್ಲ.

ಕಾಗದದ ಬಗ್ಗೆ ಎರಡು ಮಾತು. ಪುಣೆಯ ಶಿವಾಜಿನಗರದ ಹ್ಯಾಂಡ್‌ಮೇಡ್ ಪೇಪರ್ ಇನ್‌ಸ್ಟಿಟ್ಯೂಟಿನಲ್ಲಿ ಸಿಗುವಂಥ ಕೈಕಾಗದದಲ್ಲಿ ಸರಿ ಮೃದುವಾಗಿದ್ದರೆ ಬಣ್ಣ ಒಳಗಿಳಿದು ಮಂಕಾಗುತ್ತದೆ. ಸ್ವಲ್ಪ ಗೋಂದು ಅದನ್ನು ಮೇಲೆಯೇ ನಿಲ್ಲಿಸುತ್ತದೆ. ಗಟ್ಟಿ ಸರಿಯ ಕಾಗದಕ್ಕೆ ಆ ಅಗತ್ಯವಿಲ್ಲ.

ಅಂಟಿಕೊಂಡ ಹಾಳೆಗಳು

ಈ ಎಚ್ಚರಿಕೆಗಳನ್ನೆಲ್ಲ ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಒಂದು ನವೆಂಬರಿನಲ್ಲಿ ಪಣಜಿಯ ಫೊಂಟೆನ್ಹಾಸ್ ಬೀದಿಗಳಲ್ಲಿ ಹನ್ನೊಂದು ಚಿತ್ರಗಳನ್ನು ಬರೆದು ತಂದೆ. ಅಲ್ಲಿಯ ಕೆಂಪು ಗೋಡೆಗಳು ಬಿಸಿಲಲ್ಲಿ ಕಂಡಷ್ಟೇ ಉಜ್ಜ್ವಲವಾಗಿ ಉಳಿಯಬೇಕೆಂಬ ಆಸೆಗೆ, ಎಲ್ಲ ಚಿತ್ರಗಳ ಗೋಡೆಗಳ ಮೇಲೂ ಗೋಂದು ಮತ್ತು ಗ್ಲಿಸರಿನ್ ಬೆರೆಸಿದ ಲೇಪವನ್ನು ಎರಡೆರಡು ಬಾರಿ ಎಳೆದೆ. ಚಳಿಗಾಲವಿಡೀ ಅವು ಗಾಜಿನ ಹಿಂದಿಟ್ಟಂತೆ ಹೊಳೆದವು. ಜುಲೈಯಲ್ಲಿ ಮಂಚದ ಕೆಳಗಿನ ಫೈಲನ್ನು ತೆಗೆದಾಗ ಹನ್ನೊಂದೂ ಹಾಳೆಗಳು ಒಂದೇ ಹಲಗೆಯಾಗಿದ್ದವು. ಮೇಲಿನದನ್ನು ಎಳೆದಾಗ ಬಟ್ಟೆ ಹರಿದಂಥ ಸದ್ದು ಬಂತು. ಅದರ ಹಿಂಬದಿಯಲ್ಲಿ ಕೆಳಗಿನ ಚಿತ್ರದ ಕೆಂಪು ಗೋಡೆ ಕಿಟಕಿಯ ಸಮೇತ ತಿರುಗುಮುರುಗಾಗಿ ಅಚ್ಚಾಗಿತ್ತು.

ಹೀಗಾದರೆ ಎಳೆಯಬೇಡಿ, ಒದ್ದೆಯನ್ನಂತೂ ಮಾಡಬೇಡಿ. ಹಾಳೆಗಳ ಕಟ್ಟನ್ನು ಮುಚ್ಚಳ ಭದ್ರವಾಗಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ವಾರವೊಂದಿಟ್ಟು, ಗೋಂದು ಮತ್ತೆ ಗರಿಯಾದ ಮೇಲೆ ತೆಳುವಾದ ಸ್ಟೀಲ್ ಸ್ಕೇಲನ್ನು ಮೂಲೆಯಿಂದ ಮೆಲ್ಲನೆ ತೂರಿಸಿದರೆ ಬಹಳಷ್ಟು ಬಿಡಿಸಿಕೊಳ್ಳುತ್ತವೆ. ಈಗ ನಾನು ಗೋಂದು ಹಚ್ಚಿದ ಪ್ರತಿಯೊಂದು ಹಾಳೆಯ ಮೇಲೂ ಮೇಣ ಅಥವಾ ಸಿಲಿಕೋನ್ ಲೇಪದ ಕಾಗದವಿಟ್ಟು, ಫೈಲನ್ನು ಮಲಗಿಸದೆ ನಿಲ್ಲಿಸಿ ಇಡುತ್ತೇನೆ. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇರಲೇಬೇಕೆಂದು ಅಂಗಡಿಯವರಿಗೆ ಬರೆದುಕೊಡುತ್ತೇನೆ. ಅಂದಿನ ಹನ್ನೊಂದರಲ್ಲಿ ಎಂಟು ಚಿತ್ರಗಳು ಉಳಿದವು. ಎಳೆದು ಹರಿದದ್ದು ಒಂದು. ಕೊನೆಯ ಎರಡು ಇಂದಿಗೂ ಒಂದನ್ನೊಂದು ಬಿಟ್ಟಿಲ್ಲ. ದಪ್ಪಗಿರುವುದರಿಂದ ಅವುಗಳ ಖಾಲಿ ಬೆನ್ನಿನ ಮೇಲೆ, ಹೊಸ ಗೋಂದು ಕಲಸಿದಾಗಲೆಲ್ಲ, ಹನಿಗಳ ಲೆಕ್ಕ ಬರೆದು ಮಾದರಿ ಪಟ್ಟಿಗಳನ್ನು ಎಳೆಯುತ್ತೇನೆ.